ಕ್ಯೂಶು ಸುತ್ತೋದಕ್ಕೆ ರೈಲೋ, ಬಸ್ಸೋ, ಕಾರೋ?

ಟೋಕಿಯೊ, ಕ್ಯೋಟೊಗಳ ಜನಜಂಗುಳಿ ಒಮ್ಮೆ ನೋಡಿ ಬಂದವರು ಎರಡನೇ ಸಲ ಜಪಾನಿಗೆ ಹೊರಟರೆ ನಾನು ಹೇಳುವ ಹೆಸರು ಕ್ಯೂಶು. ದೇಶದ ನಾಲ್ಕು ದೊಡ್ಡ ದ್ವೀಪಗಳಲ್ಲಿ ತೀರ ನೈಋತ್ಯದ ಮೂಲೆಗಿರುವುದು. ಹೊಗೆಯಾಡುವ ಜ್ವಾಲಾಮುಖಿ, ಬಿಸಿನೀರಿನ ಊರು, ನಾಗಸಾಕಿಯ ಇತಿಹಾಸ, ಕೋಟೆ, ಕಡಲು ಎಲ್ಲವೂ ಒಂದೇ ದ್ವೀಪದಲ್ಲಿವೆ. ವಿಸ್ತೀರ್ಣ ಸುಮಾರು 36,800 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಇಷ್ಟೇ ತಾನೆ, ನಾಲ್ಕು ದಿನದಲ್ಲಿ ಮುಗಿಸಿಬಿಡೋಣ ಅನ್ನಿಸುವುದು ಸಹಜ. ಆದರೆ ಆ ನಾಲ್ಕು ದಿನ ಯಾವ ಗಾಡಿಯಲ್ಲಿ ಓಡಾಡುತ್ತೀರಿ ಅನ್ನುವುದರ ಮೇಲೆ ನೀವು ನೋಡುವ ಕ್ಯೂಶುವೇ ಬೇರೆಯಾಗುತ್ತದೆ.

ಕಾರಣ ನಕ್ಷೆಯಲ್ಲೇ ಇದೆ. ಫುಕುವೊಕಾ, ನಾಗಸಾಕಿ, ಕುಮಾಮೊಟೊ, ಕಾಗೊಶಿಮಾ, ಮಿಯಾಜಾಕಿ, ಬೆಪ್ಪು — ದೊಡ್ಡ ಊರುಗಳೆಲ್ಲ ಅಂಚಿನಲ್ಲಿವೆ, ಮುಖ್ಯ ರೈಲು ಹಳಿಗಳೂ ಹೆಚ್ಚುಕಡಿಮೆ ಅಂಚು ಹಿಡಿದೇ ಸಾಗುತ್ತವೆ. ನಡುವೆ ಇರುವುದು ಅಸೊ ಜ್ವಾಲಾಮುಖಿಯ ದೊಡ್ಡ ಬಟ್ಟಲು, ಕುಜು ಬೆಟ್ಟಗಳು, ತಕಾಚಿಹೊ ಕಣಿವೆ, ಕುರೊಕಾವಾದಂಥ ಸ್ನಾನದ ಹಳ್ಳಿಗಳು. ಈ ನಡುಭಾಗವನ್ನು ಅಡ್ಡಹಾಯುವ ಎರಡು ಹಳಿಗಳಿವೆ ನಿಜ: ಕುಮಾಮೊಟೊದಿಂದ ಅಸೊ ಮೂಲಕ ಓಯಿತಾಗೆ ಒಂದು, ಕುರುಮೆಯಿಂದ ಯುಫುಯಿನ್ ಮೂಲಕ ಓಯಿತಾಗೆ ಇನ್ನೊಂದು. ಆದರೆ ಹಳಿಯಿಂದ ಸ್ವಲ್ಪ ದೂರ ಸರಿದರೆ ನಿಮ್ಮ ಕೈಯಲ್ಲಿರುವ ರೈಲು ಪಾಸಿಗೆ ಬೆಲೆಯಿಲ್ಲ. ಹಾಗಾಗಿ ಪಾಸ್ ಕೊಂಡು ಊರು ಹುಡುಕಬೇಡಿ. ನೋಡಬೇಕಾದ ಊರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಅಂಚಿನವು ಎಷ್ಟು, ನಡುವಿನವು ಎಷ್ಟು ಎಂದು ಗುರುತು ಹಾಕಿ, ಆಮೇಲೆ ಗಾಡಿಯ ಮಾತು.

ರೈಲು: ಅಂಚಿನ ಊರುಗಳಿಗೆ ಇದಕ್ಕೆ ಸಾಟಿಯಿಲ್ಲ

ಫುಕುವೊಕಾದ ಮುಖ್ಯ ರೈಲು ನಿಲ್ದಾಣದ ಹೆಸರು ಹಕಾತಾ. ಟಿಕೆಟಿನಲ್ಲಿ ಫುಕುವೊಕಾ ಎಂದು ಹುಡುಕುತ್ತಾ ಕೂರಬೇಡಿ. ಅಲ್ಲಿಂದ ಕಾಗೊಶಿಮಾದ ಮುಖ್ಯ ನಿಲ್ದಾಣ ಕಾಗೊಶಿಮಾ-ಚುವೊವರೆಗಿನ ಬುಲೆಟ್ ರೈಲು, ಅಂದರೆ ಶಿಂಕಾನ್‌ಸೆನ್ ಪೂರ್ಣವಾಗಿ ತೆರೆದದ್ದು 2011ರ ಮಾರ್ಚ್ 12ರಂದು, ತೊಹೊಕು ಭೂಕಂಪದ ಮರುದಿನ. ಉತ್ತರದಿಂದ ದಕ್ಷಿಣದ ತುದಿಗೆ ಈಗ ಹೆಚ್ಚುಕಡಿಮೆ ಒಂದು ಗಂಟೆ ಇಪ್ಪತ್ತು ನಿಮಿಷ. ಇದೇ ದಾರಿ ಹೆದ್ದಾರಿ ಬಸ್ಸಿನಲ್ಲಿ ನಾಲ್ಕು ಗಂಟೆಗೂ ಮೇಲೆ. ಕಾಗೊಶಿಮಾಗೆ ಹೋಗಿ, ಹದಿನೈದು ನಿಮಿಷದ ದೋಣಿಯಲ್ಲಿ ಬೂದಿ ಉಗುಳುವ ಜ್ವಾಲಾಮುಖಿ ಸಕುರಾಜಿಮಾಗೆ ದಾಟಿ ನೋಡಿ, ರಾತ್ರಿಗೆ ಹಕಾತಾಗೆ ಮರಳಿದವರಿದ್ದಾರೆ. ಕಾರಿನಲ್ಲಿ ಇದನ್ನು ಮಾಡಲು ಹೋದರೆ ಇಡೀ ದಿನ ಸ್ಟಿಯರಿಂಗ್ ಹಿಡಿದೇ ಕಳೆಯುತ್ತದೆ.

ನಾಗಸಾಕಿಯ ಕಥೆ ಸ್ವಲ್ಪ ವಿಚಿತ್ರ. 2022ರ ಸೆಪ್ಟೆಂಬರ್ 23ರಂದು ಅಲ್ಲಿಗೂ ಶಿಂಕಾನ್‌ಸೆನ್ ಬಂತು, ಆದರೆ ತಕೆಯೊ-ಓನ್ಸೆನ್‌ನಿಂದ ನಾಗಸಾಕಿವರೆಗಿನ 66 ಕಿಲೋಮೀಟರ್ ಮಾತ್ರ. ಉಳಿದ ಜಾಲಕ್ಕೆ ಅದು ಇನ್ನೂ ಸೇರಿಲ್ಲ. ಹಕಾತಾದಿಂದ ಮಾಮೂಲಿ ಹಳಿಯ ಎಕ್ಸ್‌ಪ್ರೆಸ್ ಹತ್ತಿ, ತಕೆಯೊ-ಓನ್ಸೆನ್‌ನಲ್ಲಿ ಇಳಿದು, ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಯಲ್ಲಿ ನಿಂತಿರುವ ಶಿಂಕಾನ್‌ಸೆನ್ ಹತ್ತಬೇಕು. ಗಾಬರಿ ಬೇಡ, ಮೆಟ್ಟಿಲು ಹತ್ತಿಳಿಯುವ ಕೆಲಸವಿಲ್ಲ. ಎರಡೂ ಸೇರಿ ವೇಗದ ರೈಲಾದರೆ ಒಂದೂವರೆ ಗಂಟೆಯೊಳಗೆ ತಲುಪಿಸುತ್ತವೆ.

ಪೂರ್ವದ ಕರಾವಳಿಯಲ್ಲಿ ಮಾತ್ರ ರೈಲಿಗೆ ಈ ಚುರುಕಿಲ್ಲ. ಹಕಾತಾದಿಂದ ಬೆಪ್ಪುವರೆಗೆ ‘ಸೋನಿಕ್’ ಎಕ್ಸ್‌ಪ್ರೆಸ್ ಎರಡು ಗಂಟೆಯಲ್ಲಿ ಮುಟ್ಟಿಸುತ್ತದೆ. ಅಲ್ಲಿಂದ ಮಿಯಾಜಾಕಿಗೆ ಮತ್ತೆ ಮೂರು ಗಂಟೆಗೂ ಹೆಚ್ಚು. ಮೊದಲ ಸಲ ಹೋಗುವವರು ಮಿಯಾಜಾಕಿಯನ್ನು ಪಟ್ಟಿಯಿಂದ ಹೊಡೆದುಹಾಕಿದರೂ ನಷ್ಟವೇನಿಲ್ಲ ಎಂಬುದು ನನ್ನ ಅಭಿಪ್ರಾಯ. ಮಿಯಾಜಾಕಿಯವರು ಕ್ಷಮಿಸಲಿ.

ಈಗ ಪಾಸಿನ ಲೆಕ್ಕ. ವಿದೇಶಿ ಪ್ರವಾಸಿಗರಿಗೆಂದೇ ಜೆಆರ್ (ಜಪಾನ್ ರೈಲ್ವೆ) ಕ್ಯೂಶು ರೈಲು ಪಾಸ್ ಇದೆ: ಇಡೀ ಕ್ಯೂಶು, ಉತ್ತರ ಕ್ಯೂಶು, ದಕ್ಷಿಣ ಕ್ಯೂಶು ಎಂದು ಮೂರು ಬಗೆ. ಬೆಲೆ ಆಗಾಗ ಏರುತ್ತಿರುವುದರಿಂದ ಕೊಳ್ಳುವ ದಿನದ ದರವನ್ನೇ ನೋಡಿ. ಬಿಡಿ ಟಿಕೆಟ್ ಎಷ್ಟಾಗುತ್ತದೆ ಎಂಬ ಅಂದಾಜು ಇರಲಿ: ಹಕಾತಾದಿಂದ ಕಾಗೊಶಿಮಾಗೆ ಒಂದು ಬದಿಗೇ ಹತ್ತು ಸಾವಿರ ಯೆನ್ ದಾಟುತ್ತದೆ, ನಾಗಸಾಕಿಗೆ ಆರು ಸಾವಿರದ ಮೇಲೆ, ಕುಮಾಮೊಟೊಗೆ ಐದು ಸಾವಿರದ ಮೇಲೆ. ಹಕಾತಾ, ನಾಗಸಾಕಿ, ಕುಮಾಮೊಟೊ, ಕಾಗೊಶಿಮಾ, ಮತ್ತೆ ಹಕಾತಾ — ಹೀಗೊಂದು ಸುತ್ತು ಬಿಡಿಬಿಡಿಯಾಗಿ ಕೊಂಡರೆ ಮೂವತ್ತು ಸಾವಿರ ಯೆನ್ ಆಸುಪಾಸಿಗೆ ಬರುತ್ತದೆ. ಇಂಥ ಸುತ್ತಿಗೆ ಪಾಸ್ ಸಲೀಸಾಗಿ ಲಾಭ. ಒಂದೇ ಊರಲ್ಲಿ ಮೂರು ದಿನ ಕೂರುವವರಿಗೆ ನಷ್ಟ, ಯಾಕೆಂದರೆ ಪಾಸಿನ ದಿನಗಳು ಬೆನ್ನಿಗೆ ಬೆನ್ನು ಓಡುತ್ತವೆ. ನೀವು ಸುಮ್ಮನೆ ಕೂತ ದಿನವೂ ಲೆಕ್ಕಕ್ಕೆ ಬೀಳುತ್ತದೆ. ದೂರದ ಓಡಾಟಗಳನ್ನೆಲ್ಲ ಒಂದೆಡೆ ಗುಡ್ಡೆಹಾಕಿ, ಅಷ್ಟು ದಿನಕ್ಕೆ ಮಾತ್ರ ಪಾಸ್ ತಗೊಳ್ಳಿ. ಇಡೀ ಜಪಾನಿನ ಜೆಆರ್ ಪಾಸ್ 2023ರ ಅಕ್ಟೋಬರ್‌ನಲ್ಲಿ 7 ದಿನಕ್ಕೆ 29,650 ಯೆನ್‌ನಿಂದ 50,000ಕ್ಕೆ ಜಿಗಿದ ಮೇಲೆ, ಬರೀ ಕ್ಯೂಶು ನೋಡಲು ಅದನ್ನು ಕೊಳ್ಳುವ ಮಾತೇ ಇಲ್ಲ.

ಪಾಸ್ ಇದ್ದರೂ ಕೈ ಕಚ್ಚುವ ಜಾಗಗಳು ಕೆಲವಿವೆ. ಹಕಾತಾ ಮತ್ತು ಕೊಕುರಾ ನಡುವಿನ ಶಿಂಕಾನ್‌ಸೆನ್ ಜೆಆರ್ ಪಶ್ಚಿಮ ಎಂಬ ಬೇರೆ ಕಂಪನಿಯದ್ದು, ಕ್ಯೂಶು ಪಾಸ್ ಅದಕ್ಕೆ ನಡೆಯುವುದಿಲ್ಲ. ಸಾಮಾನ್ಯ ಹಳಿಯ ಎಕ್ಸ್‌ಪ್ರೆಸ್ ಹತ್ತಬೇಕು. ಫುಕುವೊಕಾಗೆ ಬಂದವರೆಲ್ಲ ಹೋಗುವ ದಝೈಫು ದೇವಾಲಯಕ್ಕೂ, ದೋಣಿ ಕಾಲುವೆಗಳ ಯನಾಗಾವಾಗೂ ಅನುಕೂಲದ ರೈಲು ನಿಶಿತೆತ್ಸು ಎಂಬ ಖಾಸಗಿ ಕಂಪನಿಯದು, ಅಲ್ಲೂ ಪಾಸ್ ಇಲ್ಲ. ಹಸಿರು ಬಣ್ಣದ ‘ಯುಫುಯಿನ್ ನೊ ಮೋರಿ’ ರೈಲಿಗೆ ಪಾಸ್ ನಡೆಯುತ್ತದೆ, ಆದರೆ ಎಲ್ಲ ಸೀಟೂ ಮುಂಗಡ ಕಾದಿರಿಸಿದವರಿಗೇ. ಹಿಂದಿನ ದಿನ ಕೇಳಿದರೆ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಕ್ಯೂಶು ಶಿಂಕಾನ್‌ಸೆನ್‌ನಲ್ಲಿ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರ್ ದಾಟುವ ಸೂಟ್‌ಕೇಸಿಗೆ ಲಗೇಜ್ ಜಾಗವಿರುವ ಸೀಟನ್ನೇ ಕಾದಿರಿಸಬೇಕು. ಮದುವೆಗೆ ಹೊರಟಂತೆ ದೊಡ್ಡ ಪೆಟ್ಟಿಗೆ ಹೊತ್ತು ಬರುವವರು ಅಳತೆ ಪಟ್ಟಿ ಹಿಡಿದು ಮನೆಯಲ್ಲೇ ನೋಡಿಕೊಳ್ಳಿ.

ಇನ್ನೊಂದು ಮಾತು, ಮಕ್ಕಳು ಟೋಕಿಯೊದಲ್ಲೋ ಯೊಕೊಹಾಮಾದಲ್ಲೋ ಕೆಲಸದಲ್ಲಿದ್ದು, ಅವರನ್ನು ನೋಡಲು ಬೆಂಗಳೂರಿನಿಂದ ಹೋಗುವ ಅಪ್ಪ-ಅಮ್ಮಂದಿರಿಗೆ: ಈ ರೈಲು ಪಾಸ್ ಅಲ್ಪಾವಧಿ ಪ್ರವಾಸಿಗಳಿಗೆ. ನಿಮಗೆ ಸಿಗುತ್ತದೆ, ಅಲ್ಲೇ ಕೆಲಸ ಮಾಡುವ ಮಗನಿಗೆ ಸಿಗುವುದಿಲ್ಲ. ಮನೆಮಂದಿಯ ಲೆಕ್ಕ ಹಾಕುವಾಗ ಅವನ ಪೂರ್ತಿ ಟಿಕೆಟ್ ಸೇರಿಸಿ.

ಬಸ್ಸು: ತಾಳ್ಮೆ ಇದ್ದವರ ಪಾಸ್

ಕ್ಯೂಶುವಿನ ಬಸ್ ಜಾಲ ಜಪಾನಿನ ಬೇರೆ ಕಡೆಗಿಂತ ದಟ್ಟ. ಇಲ್ಲಿನ ಬಸ್ ಕಂಪನಿಗಳು ಸೇರಿ ನಡೆಸುವ ‘ಸನ್‌ಕ್ಯೂ’ ಪಾಸ್ ಒಂದಿದ್ದರೆ ಹೆದ್ದಾರಿ ಬಸ್ಸು, ಊರೊಳಗಿನ ಬಸ್ಸು ಬಹುತೇಕ ಎಲ್ಲವನ್ನೂ ಹತ್ತಬಹುದು. ಕೆಲವು ಹಡಗು ಮಾರ್ಗಗಳೂ ಸೇರಿವೆ. ಬೆಲೆ ರೈಲು ಪಾಸಿಗಿಂತ ಕಡಿಮೆ, ಪಾಸ್‌ಪೋರ್ಟ್ ಯಾವುದು, ವೀಸಾ ಯಾವುದು ಎಂಬ ತಕರಾರಿಲ್ಲ. ಮೇಲೆ ಹೇಳಿದ ಮಗನೂ ಕೊಳ್ಳಬಹುದು.

ರೈಲು ಕೈಬಿಟ್ಟ ಕಡೆ ಬಸ್ಸಿನ ಬೆಲೆ ಗೊತ್ತಾಗುತ್ತದೆ. ಕುರೊಕಾವಾಗೆ ಫುಕುವೊಕಾದಿಂದ ನೇರ ಬಸ್ಸಿದೆ. ಕುಮಾಮೊಟೊದಿಂದ ಅಸೊ, ಕುರೊಕಾವಾ, ಯುಫುಯಿನ್ ದಾಟಿ ಬೆಪ್ಪು ಸೇರುವ ಬಸ್ಸು ದ್ವೀಪದ ನಡುಭಾಗವನ್ನು ಹುಲ್ಲುಗಾವಲುಗಳ ಮೇಲೆಯೇ ಹಾಯಿಸಿಕೊಂಡು ಹೋಗುತ್ತದೆ. ಯುಫುಯಿನ್, ಬೆಪ್ಪುಗಳಿಗೆ ಫುಕುವೊಕಾ ವಿಮಾನ ನಿಲ್ದಾಣದ ಅಂತರರಾಷ್ಟ್ರೀಯ ಟರ್ಮಿನಲ್‌ನಿಂದಲೇ ಬಸ್ ಹೊರಡುತ್ತದೆ. ವಿಮಾನ ಇಳಿದು ಊರೊಳಗೆ ಹೋಗುವ ಗೋಜಿಲ್ಲ. ದೊಡ್ಡ ಪೆಟ್ಟಿಗೆ ಬಸ್ಸಿನ ಹೊಟ್ಟೆಗೆ.

ಆದರೆ ನಡುಭಾಗದ ಈ ಬಸ್ಸುಗಳು ದಿನಕ್ಕೆ ಬೆರಳೆಣಿಕೆಯಷ್ಟು. ಒಂದು ತಪ್ಪಿತೋ ಅರ್ಧ ದಿನ ಹೋಯಿತು. ಪಾಸ್ ಕೈಯಲ್ಲಿದ್ದರೂ ಹಲವು ದೂರದ ಬಸ್ಸುಗಳಿಗೆ ಸೀಟು ಮೊದಲೇ ಕಾದಿರಿಸಬೇಕು, ಶರತ್ಕಾಲದ ಎಲೆ ಕೆಂಪಾಗುವ ದಿನಗಳಲ್ಲಂತೂ ಖಂಡಿತ. ತಕಾಚಿಹೊ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಗೆ ಹಿಂದೆ ರೈಲಿತ್ತು. 2005ರ ಚಂಡಮಾರುತ ಸೇತುವೆಗಳನ್ನು ಕೊಚ್ಚಿಕೊಂಡು ಹೋದ ಮೇಲೆ ಅದು ಮತ್ತೆ ಓಡಲೇ ಇಲ್ಲ. ಕುಮಾಮೊಟೊದಿಂದ ಬಸ್ಸಿನಲ್ಲಿ ಹೋದರೆ ಮೂರು ಗಂಟೆ. ಕಣಿವೆ ನೋಡಿ ಅದೇ ದಿನ ಮರಳುವ ಹಟಕ್ಕೆ ಬಿದ್ದರೆ ಅಲ್ಲಿಯ ಮುಖ್ಯ ಸೊಗಸೇ ತಪ್ಪುತ್ತದೆ: ತಕಾಚಿಹೊ ದೇವಾಲಯದಲ್ಲಿ ಪ್ರತಿ ರಾತ್ರಿ ಎಂಟಕ್ಕೆ ಪ್ರವಾಸಿಗರಿಗಾಗಿ ಒಂದು ಗಂಟೆ ಕಗುರಾ ಕುಣಿತ ಇರುತ್ತದೆ. ಸೂರ್ಯದೇವತೆ ಅಮಾತೆರಾಸು ಮುನಿದು ಗುಹೆ ಹೊಕ್ಕ ಕಥೆ, ಮುಖವಾಡ ತೊಟ್ಟು ಆಡುವುದು. ಭೂತದ ಕೋಲ, ಯಕ್ಷಗಾನ ನೋಡಿ ಬೆಳೆದವರು ಇದನ್ನು ಬಿಟ್ಟು ಬರಬಾರದು. ಬಸ್ಸಿನಲ್ಲಿ ಹೋಗುವುದಾದರೆ ಒಂದು ರಾತ್ರಿ ಅಲ್ಲೇ ತಂಗುವ ಏರ್ಪಾಡು ಮಾಡಿಕೊಂಡೇ ಹೋಗಿ.

ಊರೊಳಗಿನ ಬಸ್ಸುಗಳಲ್ಲಿ ಹಲವೆಡೆ ಹಿಂಬಾಗಿಲಿನಿಂದ ಹತ್ತಿ, ಯಂತ್ರದಿಂದ ಒಂದು ಚೀಟಿ ಎಳೆದುಕೊಂಡು, ಇಳಿಯುವಾಗ ಡ್ರೈವರ್ ಪಕ್ಕದ ಪೆಟ್ಟಿಗೆಗೆ ಚೀಟಿಯ ಜೊತೆ ದುಡ್ಡು ಹಾಕಬೇಕು. ಟೋಕಿಯೊದಿಂದ ತಂದ, ರೈಲು-ಬಸ್ಸಿಗೆ ತಾಕಿಸಿ ದುಡ್ಡು ಕಟ್ಟುವ ಸುಯಿಕಾ ಕಾರ್ಡ್ ಎಲ್ಲ ಕಡೆ ನಡೆಯುತ್ತದೆ ಎಂದುಕೊಳ್ಳಬೇಡಿ. ಕುಮಾಮೊಟೊದ ಐದು ಬಸ್ ಕಂಪನಿಗಳು ಖರ್ಚು ಹೆಚ್ಚೆಂದು 2024ರ ನವೆಂಬರ್‌ನಲ್ಲಿ ಅದನ್ನು ಕೈಬಿಟ್ಟವು. ಸನ್‌ಕ್ಯೂ ಪಾಸ್ ಇಲ್ಲದವರು ಚಿಲ್ಲರೆ ಇಟ್ಟುಕೊಳ್ಳಿ.

ಕಾರು: ನಮ್ಮವರಿಗೆ ಅಂದುಕೊಂಡದ್ದಕ್ಕಿಂತ ಸುಲಭ

ಜಪಾನಿನಲ್ಲಿ ಕಾರು ಓಡಿಸುವುದೆಂದರೆ ಹೆದರುವವರೇ ಹೆಚ್ಚು. ಅಮೆರಿಕದವರು ಹೆದರಲಿ, ನಾವೇಕೆ? ಅಲ್ಲೂ ಎಡಬದಿಯ ಸಂಚಾರ, ಸ್ಟಿಯರಿಂಗ್ ಬಲಕ್ಕೆ. ಹಾರ್ನ್ ಮಾಡುವವರಿಲ್ಲ, ಲೇನ್ ಬಿಟ್ಟು ನುಗ್ಗುವವರಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುವವರಿಗೆ ಅಸೊದ ಖಾಲಿ ರಸ್ತೆಗಳು ಒಂದು ಬಹುಮಾನ.

ಭಾರತದ ಲೈಸೆನ್ಸ್ ಒಂದೇ ಸಾಲದು. 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ ಬೇಕು. ಭಾರತ ಆ ಒಪ್ಪಂದದಲ್ಲಿದೆ, ಜಪಾನ್ ಅದನ್ನು ಒಪ್ಪುತ್ತದೆ. ಪರಿವಾಹನ್ ತಾಣದಲ್ಲಿ ಅರ್ಜಿ ಹಾಕಿ ನಿಮ್ಮ ಆರ್‌ಟಿಒ ಕಚೇರಿಯಿಂದ ಪಡೆಯಬೇಕು, ಶುಲ್ಕ 1,000 ರೂಪಾಯಿ. ವೀಸಾ ಕೈಗೆ ಬಂದ ಕೂಡಲೇ ಈ ಕೆಲಸಕ್ಕೆ ಇಳಿಯಿರಿ, ಹೊರಡುವ ವಾರಕ್ಕೆ ಇಟ್ಟುಕೊಳ್ಳಬೇಡಿ. ಅಲ್ಲಿ ಕಾರು ಪಡೆಯುವಾಗ ಐಡಿಪಿ, ಮೂಲ ಲೈಸೆನ್ಸ್, ಪಾಸ್‌ಪೋರ್ಟ್ ಮೂರನ್ನೂ ಕೇಳುತ್ತಾರೆ; ಮೊಬೈಲಿನಲ್ಲಿರುವ ಡಿಜಿಲಾಕರ್ ಪ್ರತಿ ತೋರಿಸಿ ಪ್ರಯೋಜನವಿಲ್ಲ. ಜಪಾನಿನಲ್ಲೇ ನೆಲೆಸಿದವರಿಗೆ ಈ ದಾರಿ ಬಹುಕಾಲ ನಡೆಯುವುದಿಲ್ಲ, ಅವರು ಅಲ್ಲಿಯ ಲೈಸೆನ್ಸೇ ಮಾಡಿಸಿಕೊಳ್ಳಬೇಕು.

ಕೈ ಪಳಗಲು ಒಂದೆರಡು ಗಂಟೆ ಹಿಡಿಯುತ್ತದೆ. ಇಂಡಿಕೇಟರ್ ಕಡ್ಡಿ ಬಲಗೈ ಕಡೆ, ವೈಪರ್ ಎಡಗೈ ಕಡೆ, ನಮ್ಮ ಬಹುಪಾಲು ಕಾರುಗಳಲ್ಲಿ ಇರುವಂತೆಯೇ. ಇಂಡಿಕೇಟರ್ ಎಡಕ್ಕಿರುವ ಯುರೋಪಿಯನ್ ಕಾರು ರೂಢಿಯಾದವರಿಗೆ ಮಾತ್ರ ಮೊದಲ ದಿನ ಪ್ರತಿ ತಿರುವಿನಲ್ಲೂ ಬಿಸಿಲಲ್ಲಿ ವೈಪರ್ ಆಡುತ್ತದೆ. ಕೆಂಪು ದೀಪವಿದ್ದಾಗ ಎಡಕ್ಕೂ ತಿರುಗುವಂತಿಲ್ಲ. ರೈಲ್ವೆ ಗೇಟು ತೆರೆದೇ ಇದ್ದರೂ ಗಾಡಿ ಪೂರ್ತಿ ನಿಲ್ಲಿಸಿ ನೋಡಿಯೇ ದಾಟಬೇಕು. ತಲೆಕೆಳಗಾದ ಕೆಂಪು ತ್ರಿಕೋನ ಕಂಡರೂ ಹಾಗೆಯೇ. ನಿಧಾನ ಮಾಡಿದರೆ ಸಾಲದು, ಚಕ್ರ ನಿಲ್ಲಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ, ಕಾರು ಕಾದಿರಿಸುವಾಗಲೇ ಹೇಳಿ. ಕುಡಿದು ಓಡಿಸಿದರೆ ಓಡಿಸಿದವನಿಗಷ್ಟೇ ಅಲ್ಲ, ಗೊತ್ತಿದ್ದೂ ಜೊತೆಗೆ ಕೂತವರಿಗೂ ಶಿಕ್ಷೆ.

ಖರ್ಚಿನಲ್ಲಿ ಬಾಡಿಗೆಗಿಂತ ಕಚ್ಚುವುದು ಟೋಲ್. ಹೆದ್ದಾರಿ ಟೋಲ್ ಅಲ್ಲಿ ದುಬಾರಿ. ವಿದೇಶಿ ಪ್ರವಾಸಿಗರಿಗೆ ನಿಗದಿತ ದಿನಗಳಿಗೆ ಒಂದೇ ಮೊತ್ತದ ‘ಕ್ಯೂಶು ಎಕ್ಸ್‌ಪ್ರೆಸ್‌ವೇ ಪಾಸ್’ ಇದೆ, ಬಾಡಿಗೆ ಕೌಂಟರಿನಲ್ಲಿ ಟೋಲ್ ಕಟ್ಟುವ ಇಟಿಸಿ ಕಾರ್ಡಿನ ಜೊತೆ ಕೇಳಿ. ಆದರೆ ನಡುಭಾಗದ ರಸ್ತೆಗಳಲ್ಲಷ್ಟೇ ಓಡಾಡುವವರಿಗೆ ಅದು ಬೇಕಾಗುವುದಿಲ್ಲ. ಒಂದೂರಲ್ಲಿ ಪಡೆದು ಇನ್ನೊಂದೂರಲ್ಲಿ ಬಿಟ್ಟರೆ ಬೇರೆ ಶುಲ್ಕ ಬೀಳಬಹುದು. ವಿಮೆಯ ಜೊತೆ, ಗಾಡಿ ರಿಪೇರಿಗೆ ಹೋದ ದಿನಗಳ ನಷ್ಟ ಭರ್ತಿಯ ಸಣ್ಣ ಸೇರ್ಪಡೆಯೊಂದಿರುತ್ತದೆ, ಅದನ್ನು ಬೇಡವೆನ್ನಬೇಡಿ. ಹಳದಿ ನಂಬರ್ ಪ್ಲೇಟಿನ 660 ಸಿಸಿಯ ಪುಟ್ಟ ‘ಕೇ’ ಕಾರು ಅಗ್ಗ. ಇಬ್ಬರಿಗೆ ಸಾಕು, ನಾಲ್ವರು ಪೆಟ್ಟಿಗೆ ಸಮೇತ ಕೂತರೆ ಅಸೊ ಏರಿನಲ್ಲಿ ಏದುಸಿರು ಬಿಡುತ್ತದೆ.

ಇಷ್ಟೆಲ್ಲ ಯಾಕೆ ಎಂದರೆ, ಅಸೊವನ್ನು ನಿಜವಾಗಿ ನೋಡುವುದು ಕಾರಿನಲ್ಲೇ. ಇಪ್ಪತ್ತೈದು ಕಿಲೋಮೀಟರ್ ಉದ್ದ, ಹದಿನೆಂಟು ಕಿಲೋಮೀಟರ್ ಅಗಲದ ಆ ಬಟ್ಟಲಿನೊಳಗೆ ಊರುಗಳಿವೆ, ಗದ್ದೆಗಳಿವೆ, ರೈಲು ಓಡುತ್ತದೆ. ನಡುವೆ ನಕಾದಾಕೆ ಶಿಖರ ಇನ್ನೂ ಹೊಗೆ ಉಗುಳುತ್ತದೆ. ಬಟ್ಟಲಿನ ಉತ್ತರದ ಅಂಚಿನ ದಾಯಿಕಾನ್‌ಬೊದಿಂದ ಇದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ರೈಲಿನಲ್ಲಿ ಬಂದು ಅಸೊ ನಿಲ್ದಾಣದಿಂದ ಬಸ್ ಹಿಡಿದರೆ ಬೆಟ್ಟದ ಮೇಲಕ್ಕೆ ತಲುಪಬಹುದು, ಆದರೆ ಈ ಅಂಚಿನ ರಸ್ತೆ ಕೈತಪ್ಪುತ್ತದೆ. ಕುಳಿಯ ಬಾಯಿಗೆ ಬಿಡುವುದು ಬಿಡದಿರುವುದು ಆ ಹೊತ್ತಿನ ವಿಷಾನಿಲದ ಮೇಲೆ. ಬೆಳಗ್ಗೆ ತೆರೆದದ್ದು ಮಧ್ಯಾಹ್ನ ಮುಚ್ಚಬಹುದು. ಉಬ್ಬಸ ಇರುವವರು ಹತ್ತಿರ ಹೋಗಲೇಬಾರದು. ಕಾರಿದ್ದವರು ಮುಚ್ಚಿದ್ದರೆ ಕುಸಸೆನ್ರಿ ಹುಲ್ಲುಗಾವಲಿನತ್ತ ತಿರುಗಿ, ಸಂಜೆ ಮತ್ತೆ ಬಂದು ನೋಡಬಹುದು. ಬಸ್ಸಿನವರಿಗೆ ಆ ಸಾವಕಾಶವಿಲ್ಲ.

ಹಾಗೆಂದು ರೈಲನ್ನು ಪೂರ್ತಿ ತಳ್ಳಿಹಾಕಲಾರೆ. ಕುಮಾಮೊಟೊದಿಂದ ಅಸೊಗೆ ಏರುವ ಹಳಿ ತತೆನೊ ಎಂಬಲ್ಲಿ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ ಬೆಟ್ಟ ಹತ್ತುತ್ತದೆ. 2016ರ ಭೂಕಂಪದಲ್ಲಿ ಕುಸಿದ ಈ ಹಳಿ ನಾಲ್ಕು ವರ್ಷದ ಮೇಲೆ, 2020ರ ಆಗಸ್ಟ್‌ನಲ್ಲಿ ಮತ್ತೆ ತೆರೆಯಿತು. ರೈಲಿನ ಹುಚ್ಚಿರುವವರು ಒಂದು ಬದಿಗಾದರೂ ಇದನ್ನು ಹಿಡಿಯಿರಿ.

ಹೊಟ್ಟೆಯ ಲೆಕ್ಕವೂ ಗಾಡಿಯ ಲೆಕ್ಕವೇ

ಸಸ್ಯಾಹಾರಿಗಳಿಗೆ ಈ ಆಯ್ಕೆಯಲ್ಲಿ ಇನ್ನೊಂದು ಮಗ್ಗುಲಿದೆ. ಹಕಾತಾದ ಹೆಸರಾಂತ ತೊನ್‌ಕೊತ್ಸು ರಾಮೆನ್ ಎಂದರೆ ಹಂದಿ ಮೂಳೆಯ ಸಾರಿನ ಶಾವಿಗೆ. ತರಕಾರಿ ಪಲ್ಯದಂತೆ ಕಾಣುವುದಕ್ಕೂ, ಸಾದಾ ಶಾವಿಗೆ ಉದೊನ್‌ಗೂ ಒಣಮೀನಿನ ಸಾರು ದಾಶಿ ಬೆರೆತಿರುತ್ತದೆ. ಫುಕುವೊಕಾ, ಕುಮಾಮೊಟೊದಂಥ ನಗರಗಳಲ್ಲಿ ಭಾರತೀಯ, ನೇಪಾಳಿ ಹೋಟೆಲು ಸಿಗುತ್ತವೆ, ಅಂದರೆ ರೈಲಿನ ದಾರಿಯಲ್ಲಿ ಊಟದ ಚಿಂತೆ ಅಷ್ಟಿಲ್ಲ. ನಡುಭಾಗದ ಹಳ್ಳಿಗಳಲ್ಲಿ ಆ ಮಾತಿಲ್ಲ. ಕುರೊಕಾವಾದ ಸಾಂಪ್ರದಾಯಿಕ ವಸತಿಗೃಹ ರಿಯೋಕಾನ್‌ಗಳಲ್ಲಿ ಬಾಡಿಗೆಯ ಜೊತೆಗೇ ರಾತ್ರಿಯೂಟ ಬರುತ್ತದೆ, ಮೀನು ಮಾಂಸ ತಿನ್ನುವುದಿಲ್ಲ ಎಂಬುದನ್ನು ಕಾದಿರಿಸುವಾಗಲೇ ಬರೆದು ತಿಳಿಸಬೇಕು. ಬಾಗಿಲಲ್ಲಿ ನಿಂತು ಹೇಳಿದರೆ ಅವರಿಗೂ ಮುಜುಗರ. ಕಾರಿದ್ದರೆ ದಾರಿಯಲ್ಲಿ ‘ಮಿಚಿ ನೊ ಏಕಿ’ ಎಂಬ ರಸ್ತೆಬದಿಯ ತಂಗುದಾಣಗಳಲ್ಲಿ ರೈತರ ತರಕಾರಿ, ಹಣ್ಣು ಕೊಂಡು ಡಿಕ್ಕಿಗೆ ತುಂಬಿಕೊಳ್ಳಬಹುದು. ಅದನ್ನು ಬೆಪ್ಪುವಿನ ಕನ್ನಾವಾಗೆ ಒಯ್ದರೆ ನೆಲದಿಂದ ಏಳುವ ಹಬೆಯಲ್ಲೇ ಬೇಯಿಸಿಕೊಳ್ಳುವ ಅಡುಗೆಮನೆಯಿದೆ. ಗೆಣಸು, ಕುಂಬಳ, ಜೋಳದ ತೆನೆ, ಮೇಲೆ ಮನೆಯಿಂದ ತಂದ ಚಟ್ನಿಪುಡಿ. ಕ್ಯೂಶುವಿನಲ್ಲಿ ಸಸ್ಯಾಹಾರಿಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ.

ಹಾಗಾದರೆ ಯಾವುದು?

ನನ್ನ ಮಟ್ಟಿಗೆ ಒಂದನ್ನೇ ಹಿಡಿದು ಕೂರುವುದು ದಡ್ಡತನ. ವಾರವಿದ್ದರೆ ಮೊದಲ ಅರ್ಧ ರೈಲು, ಆಮೇಲೆ ಕಾರು. ಹಕಾತಾದಲ್ಲಿ ಇಳಿದು ಒಂದು ದಿನ ಪಾಸಿಲ್ಲದೆ ಊರು, ದಝೈಫು ನೋಡಿ. ಮರುದಿನ ಮೂರು ದಿನದ ಪಾಸ್ ಶುರುಮಾಡಿ ನಾಗಸಾಕಿ, ಕಾಗೊಶಿಮಾ ಮುಗಿಸಿ ಕುಮಾಮೊಟೊಗೆ ಬನ್ನಿ. ಅಲ್ಲಿ ಕೋಟೆ ನೋಡಿ. 2016ರ ಭೂಕಂಪದಲ್ಲಿ ಉರುಳಿದ ಕಲ್ಲುಗಳನ್ನು ಇನ್ನೂ ಒಂದೊಂದಾಗಿ ಜೋಡಿಸುತ್ತಿದ್ದಾರೆ. ಅಲ್ಲೇ ಕಾರು ಪಡೆದು ಅಸೊ, ತಕಾಚಿಹೊದಲ್ಲಿ ಒಂದು ರಾತ್ರಿ, ಕುರೊಕಾವಾದಲ್ಲಿ ಒಂದು ರಾತ್ರಿ. ಯಮಾನಾಮಿ ಹೆದ್ದಾರಿಯಲ್ಲಿ ಯುಫುಯಿನ್ ಮೂಲಕ ಬೆಪ್ಪುಗಿಳಿದು ಕಾರು ಬಿಡಿ. ಹಕಾತಾಗೆ ಸೋನಿಕ್ ರೈಲಿದೆ, ಅದಕ್ಕೆ ಬಿಡಿ ಟಿಕೆಟ್ ಸಾಕು.

ಮೂರೇ ದಿನವಿದ್ದರೆ ಕಾರಿನ ಗೋಜು ಬೇಡ. ಉತ್ತರ ಕ್ಯೂಶು ಪಾಸಿನಲ್ಲಿ ನಾಗಸಾಕಿ, ಕುಮಾಮೊಟೊ, ಬೆಪ್ಪು ಸಲೀಸು. ಒಬ್ಬರೇ, ಕೈಯಲ್ಲಿ ಹಣಕ್ಕಿಂತ ಸಮಯ ಹೆಚ್ಚಿರುವವರು ಸನ್‌ಕ್ಯೂ ಹಿಡಿಯಲಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಕಾರು. ರೈಲು ಎಷ್ಟೇ ಚೆನ್ನಾಗಿದ್ದರೂ ನಿಲ್ದಾಣದಿಂದ ಹೋಟೆಲ್‌ವರೆಗಿನ ನಡಿಗೆ ಅವರನ್ನು ದಣಿಸುತ್ತದೆ. ಓಡಿಸಲು ಬಲ್ಲವರು ಇಬ್ಬರಾದರೂ ಇರಲಿ.

ಕಾಲ ನೋಡಿಯೂ ಆಯ್ಕೆ ಬದಲಿಸಿಕೊಳ್ಳಬೇಕು. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಅಸೊ, ಕುಜು, ಯುಫುಯಿನ್ ಕಡೆ ಹಿಮ ಬೀಳುತ್ತದೆ, ರಸ್ತೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಹಿಮದ ಮೇಲೆ ಗಾಡಿ ಓಡಿಸಿ ಗೊತ್ತಿಲ್ಲದವರು ಆಗ ರೈಲು, ಬಸ್ಸಿಗೇ ಅಂಟಿಕೊಳ್ಳುವುದು ಕ್ಷೇಮ. ಜೂನ್‌ನಿಂದ ಜುಲೈ ನಡುವಿನವರೆಗೆ ಮಳೆಗಾಲ. ನಮ್ಮ ಆಗುಂಬೆಯ ಮಳೆ ಕಂಡವರೂ ಇದನ್ನು ಹಗುರಾಗಿ ಎಣಿಸಬಾರದು. 2020ರ ಜುಲೈ ಪ್ರವಾಹದಲ್ಲಿ ಕುಮಾ ನದಿಯ ದಡದ ರೈಲು ಹಳಿ ಎಷ್ಟು ಹಾಳಾಯಿತೆಂದರೆ, ಯತ್ಸುಶಿರೊದಿಂದ ಹಿತೊಯೊಶಿ ಕಡೆಗೆ ಹೋಗುತ್ತಿದ್ದ ಚಂದದ ಪ್ರವಾಸಿ ರೈಲುಗಳು ಅಂದಿನಿಂದ ನಿಂತೇ ಹೋದವು. ಹಳೆಯ ಪ್ರವಾಸ ಕಥನ ಓದಿ ಅವನ್ನು ಹುಡುಕಿಕೊಂಡು ಹೋಗಬೇಡಿ. ಆಗಸ್ಟ್, ಸೆಪ್ಟೆಂಬರ್ ಚಂಡಮಾರುತದ ತಿಂಗಳು. ಗಾಳಿ ಬರುವ ಮುನ್ನವೇ ರೈಲು ನಿಲ್ಲಿಸುವುದಾಗಿ ಹಿಂದಿನ ದಿನ ಘೋಷಿಸುತ್ತಾರೆ, ಬಸ್ಸುಗಳೂ ಅದೇ ದಾರಿ ಹಿಡಿಯುತ್ತವೆ. ರೈಲು ನಿಂತಿದೆ, ನಮ್ಮ ಹತ್ತಿರ ಕಾರಿದೆಯಲ್ಲ ಎಂದು ಅಂಥ ದಿನ ಬೆಟ್ಟದ ರಸ್ತೆಗೆ ಇಳಿಯಬೇಡಿ. ಈ ತಿಂಗಳುಗಳಲ್ಲಿ ಹೋಗುವವರು ವಾಪಸು ವಿಮಾನದ ಹಿಂದಿನ ರಾತ್ರಿಯಾದರೂ ಫುಕುವೊಕಾದಲ್ಲೇ ತಂಗಿ. ಅಲ್ಲಿಯ ವಿಮಾನ ನಿಲ್ದಾಣ ಹಕಾತಾದಿಂದ ಮೆಟ್ರೊದಲ್ಲಿ ಐದೇ ನಿಮಿಷ. ಇಳಿಯುವುದು ದೇಶೀಯ ಟರ್ಮಿನಲ್‌ನಲ್ಲಿ, ಅಂತರರಾಷ್ಟ್ರೀಯ ಟರ್ಮಿನಲ್‌ಗೆ ಅಲ್ಲಿಂದ ಷಟಲ್ ಬಸ್ ಹಿಡಿಯಬೇಕು, ಅದಕ್ಕೂ ಸ್ವಲ್ಪ ಹೊತ್ತು ಕೈಯಲ್ಲಿರಲಿ.